ದೀಪದ ಬುಡದಲ್ಲಿ

ಟೊರಾಂಟೊ ನಡುಬೀದಿಯಲ್ಲಿ
ವಿಮೆ ಕಂಪನಿಯ ಹಳೆಯ ಕಲ್ಲುಕಟ್ಟಡ,
ನೆತ್ತಿಯ ಮೇಲೊಂದು ದೀಪದ ಕಂಬ.
ನಾಳಿನ ಹವೆ ಇಂದೇ ಹೇಳುವುದು ಅದರ ಉದ್ಯೋಗ.
ಹಸಿರು ನಿಂತರೆ ತಿಳಿಬಾನು, ಕೆಂಪು ನಿಂತರೆ ಮೋಡ,
ಕೆಂಪು ಮಿಟುಕಿದರೆ ಮಳೆ,
ಬಿಳಿ ಮಿಟುಕಿದರೆ ಹಿಮ, ಸಲಿಕೆ ಹುಡುಕಿಡಿ.
ಆಕಾಶ ನೋಡಲು ನೂಕುನುಗ್ಗಲೇ ಎನ್ನಬೇಡಿ:
ಈ ಊರಲ್ಲಿ ಆಕಾಶಕ್ಕೂ ಒಬ್ಬ ಗುಮಾಸ್ತನಿದ್ದ.

ನನ್ನ ಅಮ್ಮ, ಇದಲೀನಾ ಫುರ್ತಾದು,
ಹದಿನೆಂಟು ವರ್ಷ ಅಲ್ಲಿ ನೆಲ ಒರೆಸಿದಳು,
ಸಂಜೆ ಆರರಿಂದ ರಾತ್ರಿ ಎರಡರವರೆಗೆ.
ಎಂಟನೆಯ ಮಹಡಿಯಿಂದ ಮೇಲಿನವು ಅವಳವು,
ಕೆಳಗಿನವು ಅತ್ತೆ ಒತೀಲಿಯಾದು.
ಅಟ್ಲಾಂಟಿಕದ ನಡುವಿನ ದ್ವೀಪದಿಂದ ಬಂದ ಹೆಂಗಸರು;
ಬಕೆಟ್ಟನ್ನು ಪೋರ್ಚುಗೀಸಿನಲ್ಲಿ ಬಯ್ಯುವರು,
ಸಾಹೇಬರೆದುರು ಇಂಗ್ಲಿಷಿನಲ್ಲಿ ಸುಮ್ಮನಿರುವರು.

ಒಳಗಿನಿಂದ ದೀಪ ಕಾಣುವುದಿಲ್ಲ.
ಅದರ ಬುಡದಲ್ಲೇ ಅಷ್ಟು ವರ್ಷ ಬಗ್ಗಿದ್ದವಳು
ನಾಳೆ ಏನೆಂದು ತಿಳಿಯಲು
ಡಂಡಾಸ್ ಬೀದಿಯ ಟ್ರಾಮ್ ನಿಲ್ದಾಣದವರೆಗೆ ನಡೆದು
ತಿರುಗಿ ನೋಡಬೇಕಿತ್ತು.

ಅಪ್ಪನಿಗೆ ಕಾಣುತ್ತಿತ್ತು.
ಆಗಸ್ಟಾ ಬೀದಿಯ ನಮ್ಮ ಬಾಡಿಗೆ ಮಾಳಿಗೆಯಲ್ಲಿ
ಬಚ್ಚಲ ಕಿಟಕಿಯ ಮೂಲೆಗಾಜು,
ಗಾಜಿನಲ್ಲಿ ಬೆರಳುದ್ದದ ಬೆಳಕು.
ಗಶ್ಪಾರ್ ಕಾಂಕ್ರೀಟು ಸುರಿಯುವವನು:
ಹಸಿರೆಂದರೆ ಬೆಳಗಿನ ಐದಕ್ಕೆ ಬೂಟು,
ಕೆಂಪು ಮಿಟುಕಿದರೆ ಕೂಲಿಯಿಲ್ಲದ ನಿದ್ದೆ.
ರಾತ್ರಿ ಹತ್ತಕ್ಕೆ ಹಲ್ಲುಜ್ಜುತ್ತ ನೋಡುವನು
ಗಡಿಯಾರ ನೋಡುವವರ ಹಾಗೆ,
ನಂಬಿಕೆ ಎಂಬುದೊಂದಿದೆ ಎಂದೂ ನೆನೆಯದೆ.

ಆ ಸೆಪ್ಟೆಂಬರ್ ಅವನ ಬೆನ್ನು ಹಿಡಿದಿತ್ತು.
ಅಮ್ಮ ಬೆಳ್ಳುಳ್ಳಿ ಎಣ್ಣೆ ತಿಕ್ಕಿದಳು, ಬಿಸಿ ಇಟ್ಟಿಗೆ ಇಟ್ಟಳು.
ಮಳೆಯೊಂದು ಬರಲಿ ಎಂದು
ತನ್ನೂರಿನ ಸಂತನಿಗೆ ಮೇಣದ ಕಾಲು ಹರಸಿಕೊಂಡಳು
(ಬೆನ್ನಿನ ಮೇಣ ಯಾರೂ ಮಾಡುವುದಿಲ್ಲವಂತೆ).
ಮೇಲೆ ಮಾತ್ರ ಹಸಿರು. ಹಸಿರು. ಮರುದಿನವೂ ಹಸಿರು.

ಹದಿನೈದನೆಯ ಮಹಡಿಯ ಕೊನೆಯ ಕೋಣೆಯಲ್ಲಿ
ಮಿಸ್ಟರ್ ಮಕ್‌ಫೇಲ್, ಒಂದು ಫೋನು, ಹಿಡಿಕೆಗಳ ಪೆಟ್ಟಿಗೆ.
ಹವಾಮಾನದವರು ಹೇಳಿದ್ದನ್ನು ಅವನು ತಿರುಗಿಸುವನು.
ಆ ರಾತ್ರಿ ಅವನು ಪೈಪು ಹಚ್ಚಲು ಹೊರಗೆ ಹೋಗಿದ್ದ.
ಅಮ್ಮನ ಕೈಯಲ್ಲಿ ಧೂಳಿನ ಬಟ್ಟೆ,
ಬಟ್ಟೆಯ ಕೆಳಗೆ ಹಿಡಿಕೆ.

ಎಷ್ಟು ಹೊತ್ತು? ಎಂದೆ.
ಒಂದು ಮೇಜು ಒರೆಸುವಷ್ಟು, ಎಂದಳು.

ಅಷ್ಟರಲ್ಲಿ ಊರಿನ ಎಷ್ಟು ಬಟ್ಟೆ ಹಗ್ಗದಿಂದ ಇಳಿದವೋ,
ಎಷ್ಟು ಮದುವೆಮನೆಯವರು ಟಾರ್ಪಾಲಿಗೆ ಓಡಿದರೋ.
ನಮ್ಮ ಬಚ್ಚಲಲ್ಲಿ ಅಪ್ಪ ನೊರೆಬಾಯಲ್ಲಿ
"ಮಳೆ!" ಎಂದು ನನಗೆ ಕೂಗಿ
ಅಲಾರಮ್ಮಿನ ಕಿವಿ ಹಿಂಡಿ ಮಲಗಿಬಿಟ್ಟ.

ಬೆಳಗು ತೊಳೆದ ತಟ್ಟೆಯಂತಿತ್ತು.
ಒಂಬತ್ತಕ್ಕೆ ಎದ್ದವನು ಕಿಟಕಿಯಲ್ಲಿ ಒಂದು ಗಳಿಗೆ ನಿಂತ,
ಬೆನ್ನು ನೆಟ್ಟಗಿತ್ತು, ಅದು ಅವನಿಗೆ ಗೊತ್ತಾಗಲಿಲ್ಲ.
ಮೇಸ್ತ್ರಿ ಆ ವಾರದ ಕೆಲಸ ಬೇರೆಯವನಿಗೆ ಕೊಟ್ಟ.
ಅಂದಿನಿಂದ ಅಪ್ಪ ಮೊಣಕಾಲನ್ನೇ ಕೇಳುತ್ತಿದ್ದ,
ಕಿಟಕಿಯ ಆ ಮೂಲೆಗೆ ಕ್ಯಾಲೆಂಡರು ಹೊಡೆದ.
ಸಾಯುವವರೆಗೂ ಹೇಳುತ್ತಿದ್ದ: ಸುಳ್ಳು ದೀಪ, ವಿಮೆಯವರ ದೀಪ.
ಅಮ್ಮ ಪಾತ್ರೆ ಉಜ್ಜುತ್ತಿದ್ದಳು.

ಮೊನ್ನೆ ಕಣ್ಣಾಸ್ಪತ್ರೆಯಿಂದ ಬರುತ್ತ,
ಒಂದು ಕಣ್ಣಿಗೆ ಪಟ್ಟಿ, ಟ್ರಾಮಿಗೆ ಕಾಯುತ್ತ,
ಇದನ್ನೆಲ್ಲ ಹೇಳಿದಳು, ಅಂಗಡಿಯ ಲೆಕ್ಕ ಹೇಳಿದ ಹಾಗೆ.
ಈಗ ಅಲ್ಲಿ ಮಕ್‌ಫೇಲ್ ಇಲ್ಲ, ಹಿಡಿಕೆಯಿಲ್ಲ, ಎಲ್ಲ ಕಂಪ್ಯೂಟರು, ಎಂದೆ.
ಅದು ಅವಳ ಕಿವಿಗೆ ಬೀಳಲಿಲ್ಲ.
ಯಾವ ಬಣ್ಣ?
ಕೆಂಪಮ್ಮ. ಮಿಟುಕುತ್ತಿದೆ.
ಪಾಪ, ಎಂದಳು, ಯಾವಳೋ ಮೇಜು ಒರೆಸುತ್ತಿರಬೇಕು.
ಹೇಳುತ್ತಲೇ ಕೊಡೆ ಬಿಚ್ಚಿದಳು.
ಹನಿ ಇನ್ನೂ ಬಿದ್ದಿರಲಿಲ್ಲ.